ಗಾಲಿ ಹಲಗೆಗೆ ರೆಕ್ಕೆ ಮೂಡಿದ ಚೌಕ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಹೋದವರು ಸಾಮಾನ್ಯವಾಗಿ ನೋಡಿ ಬರುವುದು ಗೋಲ್ಡನ್ ಗೇಟ್ ಸೇತುವೆಯನ್ನು, ಕಡಿದಾದ ಬೀದಿಗಳಲ್ಲಿ ಏರಿಳಿಯುವ ಕೇಬಲ್ ಕಾರುಗಳನ್ನು. ನಗರದ ಹೆದ್ದಾರಿಯಂತಿರುವ ಮಾರ್ಕೆಟ್ ಸ್ಟ್ರೀಟ್ ಕೊನೆಗೊಳ್ಳುವ ಜಾಗಕ್ಕೂ ಅವರು ಹೋಗುತ್ತಾರೆ. ಅಲ್ಲಿ ಕೊಲ್ಲಿಯ ಅಂಚಿನಲ್ಲಿ 1898ರಲ್ಲಿ ತೆರೆದ ಫೆರ್ರಿ ಬಿಲ್ಡಿಂಗ್ ಇದೆ. ಅದರ 245 ಅಡಿ ಎತ್ತರದ ಗಡಿಯಾರ ಗೋಪುರ ದೂರದಿಂದಲೇ ಕಾಣುತ್ತದೆ. ಆದರೆ ಅದರ ಎದುರಿನ ಚೌಕದಲ್ಲಿ ಒಂದು ಕಾಲದಲ್ಲಿ ಏನು ನಡೆಯಿತು ಎಂಬುದು ಗೋಪುರದ ಫೋಟೊ ತೆಗೆದು ಹಿಂದಿರುಗುವವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಈ ಚೌಕವನ್ನು ಎಂಬಾರ್ಕಡೆರೊ ಎಂದು ಕರೆಯುತ್ತಾರೆ. ಭೂದೃಶ್ಯ ವಿನ್ಯಾಸಕಾರ ಲಾರೆನ್ಸ್ ಹ್ಯಾಲ್‌ಪ್ರಿನ್ ರೂಪಿಸಿದ ಈ ಚೌಕ 1970ರ ದಶಕದ ಆರಂಭದಲ್ಲಿ ಸಿದ್ಧವಾಯಿತು. ನೆಲಕ್ಕೆಲ್ಲ ಇಟ್ಟಿಗೆ ಹಾಸು, ಅಲ್ಲಲ್ಲಿ ಮೆಟ್ಟಿಲು, ಜಗಲಿ, ಕುಳಿತುಕೊಳ್ಳಲು ಕಟ್ಟೆ. ಒಂದು ಬದಿಯಲ್ಲಿ ಕೆನಡಾದ ಶಿಲ್ಪಿ ಅರ್ಮಾಂಡ್ ವೈಯಾಂಕೂರ್ 1971ರಲ್ಲಿ ನಿರ್ಮಿಸಿದ, ಸುಮಾರು 40 ಅಡಿ ಎತ್ತರದ ಕಾಂಕ್ರೀಟಿನ ಕಾರಂಜಿ. ಚೌಕಾಕಾರದ ದೊಡ್ಡ ದೊಡ್ಡ ಕೊಳವೆಗಳನ್ನು ಯಾರೋ ಮುರಿದು ರಾಶಿ ಹಾಕಿದಂತೆ ಕಾಣುವ ಈ ಕಾರಂಜಿಯನ್ನು ಮೆಚ್ಚಿದವರಷ್ಟೇ ಹಳಿದವರೂ ಇದ್ದರು. ಉದ್ಘಾಟನೆಯ ಸಮಯದಲ್ಲಿ ಶಿಲ್ಪಿಯೇ ಅದರ ಮೇಲೆ ತನ್ನ ಕ್ವಿಬೆಕ್ ಪ್ರಾಂತ್ಯದ ಸ್ವಾತಂತ್ರ್ಯದ ಘೋಷಣೆ ಬರೆದು ಕೋಲಾಹಲ ಎಬ್ಬಿಸಿದ್ದ. ಕಾರಂಜಿಯ ಬೆನ್ನಿಗೇ ಎರಡಂತಸ್ತಿನ ಹೆದ್ದಾರಿಯೊಂದು ಹಾದುಹೋಗಿತ್ತು. ಕಡಲಿನ ನೋಟವನ್ನು ಮರೆಮಾಡಿದ್ದ ಆ ಹೆದ್ದಾರಿ 1989ರ ಅಕ್ಟೋಬರ್ 17ರ ಭೂಕಂಪದಲ್ಲಿ ಜಖಂಗೊಂಡಿತು. 1991ರಲ್ಲಿ ಅದನ್ನು ಕೆಡವಲಾಯಿತು.

1986ರಲ್ಲಿ, ಹೆದ್ದಾರಿ ಇನ್ನೂ ಅಲ್ಲಿ ಗುಡುಗುತ್ತಿದ್ದ ದಿನಗಳಲ್ಲಿ, ಸುಮಾರು ಹದಿನೆಂಟರ ಹರೆಯದ ಹುಡುಗನೊಬ್ಬ ಈ ಚೌಕಕ್ಕೆ ಬಂದ. ಕಾಲಡಿಯಲ್ಲಿ ನಾಲ್ಕು ಗಾಲಿಗಳ ಒಂದು ಮರದ ಹಲಗೆ. ಚೌಕದಲ್ಲಿ ಎತ್ತರದ ಎರಡು ಜಗಲಿಗಳು ಎದುರು ಬದುರಾಗಿದ್ದವು. ನಡುವೆ ತೆರಪು. ನಡೆದು ಹೋಗುವವರಿಗೆ ಅದು ಬರೀ ತೆರಪು. ಹುಡುಗನ ಕಣ್ಣಿಗೆ ಮಾತ್ರ ಅದು ಹಾರಬಹುದಾದ ಕಂದರವಾಗಿ ಕಂಡಿತು. ಒಂದು ಜಗಲಿಯ ಮೇಲೆ ವೇಗವಾಗಿ ಉರುಳಿ ಬಂದು, ಕೈಯಿಂದ ಹಲಗೆಯನ್ನು ಹಿಡಿಯದೆಯೇ ಗಾಳಿಗೆ ನೆಗೆದು ಆಚೆಯ ಜಗಲಿಯ ಮೇಲೆ ಇಳಿದ. ಅಂದಿನಿಂದ ಆ ತೆರಪಿಗೆ 'ಗೊಂಜ್ ಗ್ಯಾಪ್' ಎಂಬ ಹೆಸರಾಯಿತು. ಹುಡುಗನ ಹೆಸರು ಮಾರ್ಕ್ ಗೊಂಜಾಲೆಸ್. ಬೀದಿ ಸ್ಕೇಟ್‌ಬೋರ್ಡಿಂಗ್ ಎಂಬ ಆಟವನ್ನು ವೃತ್ತಿಯಾಗಿ ರೂಪಿಸಿದ ಮೊದಲಿಗರಲ್ಲಿ ಅವನೂ ಒಬ್ಬ.

ಅಲೆ ಬಿಟ್ಟು ಬೀದಿಗೆ

ಈ ಆಟದ ಹುಟ್ಟೂರು ಕ್ಯಾಲಿಫೋರ್ನಿಯದ ಕಡಲ ತೀರ. ಅಲ್ಲಿನ ಯುವಕರಿಗೆ ಅಲೆಗಳ ಮೇಲೆ ಹಲಗೆ ಹಾಕಿ ಸವಾರಿ ಮಾಡುವ ಸರ್ಫಿಂಗ್ ಹುಚ್ಚು. ಅಲೆ ಏಳದ ದಿನಗಳಲ್ಲಿ ಏನು ಮಾಡುವುದು? 1950ರ ದಶಕದಲ್ಲಿ ಮರದ ಹಲಗೆಗೆ ರೋಲರ್ ಸ್ಕೇಟಿನ ಗಾಲಿಗಳನ್ನು ಬಡಿದು ರಸ್ತೆಯ ಮೇಲೆಯೇ ಸವಾರಿ ಆರಂಭಿಸಿದರು. ಆಗಿನ ಗಾಲಿಗಳು ಲೋಹದವು, ಆಮೇಲೆ ಜೇಡಿಮಣ್ಣಿನ ಮಿಶ್ರಣದವು. ಇವು ಗಡುಸು. ನೆಲವನ್ನು ಹಿಡಿಯುವ ಗುಣ ಕಡಿಮೆ. ಸಣ್ಣ ಕಲ್ಲು ಸಿಕ್ಕಿದರೂ ಗಾಲಿ ನಿಂತುಬಿಡುತ್ತಿತ್ತು, ಮೇಲಿದ್ದವನು ಮಾತ್ರ ಮುಂದೆ ಹಾರುತ್ತಿದ್ದ. ನ್ಯೂಟನ್ನನ ಮೊದಲನೆಯ ನಿಯಮವನ್ನು ಮಂಡಿಯ ಚರ್ಮ ಕೊಟ್ಟು ಕಲಿತಂತೆ!

1970ರ ದಶಕದ ಆರಂಭದಲ್ಲಿ ಫ್ರಾಂಕ್ ನ್ಯಾಸ್‌ವರ್ದಿ ಎಂಬ ಯುವಕ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಗಾಲಿಗಳನ್ನು ಸ್ಕೇಟ್‌ಬೋರ್ಡಿಗೆ ಅಳವಡಿಸಿ ಮಾರುಕಟ್ಟೆಗೆ ತಂದ. ಈ ವಸ್ತು ಒತ್ತಿದರೆ ಸ್ವಲ್ಪ ತಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಆದ್ದರಿಂದ ಅದು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಸಣ್ಣ ಪುಟ್ಟ ಕಲ್ಲುಗಳನ್ನು ಸಲೀಸಾಗಿ ಹತ್ತಿ ದಾಟುತ್ತದೆ. ಒಂದು ಆಟದ ಹಣೆಬರಹವನ್ನೇ ರಸಾಯನ ವಿಜ್ಞಾನ ಬದಲಿಸಿದ ಬಗೆ ಇದು.

ಮುಂದಿನ ತಿರುವು ಕೊಟ್ಟದ್ದು ಬರಗಾಲ. 1976 ಮತ್ತು 1977ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನೀರಿಗೆ ಹಾಹಾಕಾರವಾಯಿತು. ಮನೆಗಳ ಈಜುಕೊಳಗಳು ಬರಿದಾದವು. ಅಂಚು ದುಂಡಗಿದ್ದ ಆ ಖಾಲಿ ಕೊಳಗಳಿಗೆ ಸಾಂಟಾ ಮೋನಿಕಾ ಮತ್ತು ವೆನಿಸ್ ಪ್ರದೇಶದ ಹುಡುಗರು ಇಳಿದರು, ಗೋಡೆ ಏರಿ ಇಳಿಯುವ ಕಸರತ್ತು ಕಲಿತರು. ಅದನ್ನೇ ಅನುಕರಿಸಿ ಕಾಂಕ್ರೀಟಿನ ಆಟದ ಉದ್ಯಾನಗಳೂ ತಲೆ ಎತ್ತಿದವು. ಆದರೆ ಬಿದ್ದು ಪೆಟ್ಟಾದವರು ಪರಿಹಾರ ಕೇಳಿದರೆ ಗತಿಯೇನು ಎಂಬ ಭಯ, ಅದರಿಂದ ಏರಿದ ವಿಮೆಯ ವೆಚ್ಚ ಇವೆಲ್ಲ ಸೇರಿ 1980ರ ದಶಕದ ಆರಂಭದೊಳಗೆ ಬಹುಪಾಲು ಉದ್ಯಾನಗಳಿಗೆ ಬೀಗ ಬಿತ್ತು.

ಆಡುವ ಅಂಗಳವೇ ಇಲ್ಲವಾದ ಮೇಲೆ ಮಕ್ಕಳು ಎಲ್ಲಿ ಹೋಗಬೇಕು? ಹಲಗೆ ಹಿಡಿದು ಬೀದಿಗೆ ಬಂದರು. ಶಾಲೆಯ ಮೆಟ್ಟಿಲು, ಬ್ಯಾಂಕಿನ ಮುಂದಿನ ಕಟ್ಟೆ, ಕಾಲುದಾರಿಯ ಅಂಚು ಇವೇ ಆಟದ ಸಾಮಾನುಗಳಾದವು. ದೊಡ್ಡವರು ಅಂಗಳ ಮುಚ್ಚಿದ್ದರಿಂದಲೇ ಬೀದಿ ಸ್ಕೇಟ್‌ಬೋರ್ಡಿಂಗ್ ಬೆಳೆಯಿತು ಎಂದರೆ ತಪ್ಪಾಗಲಾರದು.

ಕಾರ್ಖಾನೆ ಮುಚ್ಚಿದ ಊರಿನ ಹುಡುಗ

ಮಾರ್ಕ್ ಗೊಂಜಾಲೆಸ್ ಹುಟ್ಟಿದ್ದು 1968ರ ಜೂನ್ 1ರಂದು, ಲಾಸ್ ಏಂಜಲಿಸ್ ಬಳಿಯ ಸೌತ್ ಗೇಟ್ ಎಂಬ ಊರಿನಲ್ಲಿ. ಇದು ಸಿನಿಮಾದಲ್ಲಿ ಕಾಣುವ ಕ್ಯಾಲಿಫೋರ್ನಿಯ ಅಲ್ಲ. ತೆಂಗಿನಂಥ ಮರಗಳ ಸಾಲೂ ಸಿರಿವಂತರ ಬಂಗಲೆಗಳೂ ಇಲ್ಲಿನ ಗುರುತಲ್ಲ. ಇದು ದುಡಿಯುವವರ ಊರು. ಫೈರ್‌ಸ್ಟೋನ್ ಟೈರು ಕಾರ್ಖಾನೆ ಇಲ್ಲಿತ್ತು, ಅದು 1980ರಲ್ಲಿ ಮುಚ್ಚಿತು. ಜನರಲ್ ಮೋಟರ್ಸ್‌ನ ಕಾರು ಜೋಡಿಸುವ ಕಾರ್ಖಾನೆ ಇತ್ತು, 1982ರಲ್ಲಿ ಅದೂ ಬಾಗಿಲು ಹಾಕಿತು. ಊರಿನ ದೊಡ್ಡವರು ಕೆಲಸ ಕಳೆದುಕೊಳ್ಳುತ್ತಿದ್ದ ಆ ವರ್ಷಗಳಲ್ಲೇ ಈ ಹುಡುಗ ಬೀದಿಯಲ್ಲಿ ಹಲಗೆಯ ಮೇಲೆ ನಿಲ್ಲುವುದನ್ನು ಕಲಿಯುತ್ತಿದ್ದ.

ಕೆಲವೇ ವರ್ಷಗಳಲ್ಲಿ ಅವನ ಆಟ ಕಂಡವರ ಹುಬ್ಬೇರಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ 1981ರಲ್ಲಿ ಹೊರಡಲಾರಂಭಿಸಿದ್ದ 'ಥ್ರಾಷರ್' ಎಂಬ ಪತ್ರಿಕೆ 1984ರ ನವೆಂಬರ್ ಸಂಚಿಕೆಯ ಮುಖಪುಟದಲ್ಲಿ ಅವನ ಚಿತ್ರ ಹಾಕಿತು. ಆಗ ಅವನಿಗೆ 16 ವರ್ಷ. ಖಾಲಿ ಈಜುಕೊಳಗಳ ಕಾಲದ ಹೀರೊ ಟೋನಿ ಆಲ್ವಾನ ಕಂಪನಿಯ ಹಲಗೆ ಅವನ ಕೈಯಲ್ಲಿತ್ತು. ಅನಂತರ ವಿಷನ್ ಎಂಬ ದೊಡ್ಡ ಕಂಪನಿ ಅವನನ್ನು ವೃತ್ತಿಪರನಾಗಿ ಸೇರಿಸಿಕೊಂಡು ಅವನ ಹೆಸರಿನಲ್ಲೇ ಹಲಗೆ ಮಾರಿತು. ಈ ವೃತ್ತಿಯ ಸಂಪಾದನೆ ಬರುವುದು ಮುಖ್ಯವಾಗಿ ಹೀಗೆಯೇ. ಆಟಗಾರನ ಹೆಸರಿರುವ ಪ್ರತಿ ಹಲಗೆ ಮಾರಾಟವಾದಾಗ ಅವನಿಗೆ ಇಷ್ಟು ಎಂದು ಗೌರವಧನ. ಪುಸ್ತಕ ಬರೆದವರಿಗೆ ಪ್ರಕಾಶಕರು ಕೊಡುವಂತೆ!

ಆ ಕಾಲದಲ್ಲಿ ಅವನೊಬ್ಬನೇ ಇದ್ದನೆಂದಲ್ಲ. 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ನಡೆದ ಬೀದಿ ಶೈಲಿಯ ಸ್ಪರ್ಧೆಯಲ್ಲಿ ಅದೇ ಊರಿನ ಟಾಮಿ ಗೆರೇರೊ ಗೆದ್ದಿದ್ದ. ಸಾಂಟಾ ಮೋನಿಕಾದ ನೇಟಸ್ ಕೌಪಸ್ ಗೋಡೆಗಳ ಮೇಲೆ, ಬೆಂಚುಗಳ ಮೇಲೆ ಹಲಗೆ ಓಡಿಸುತ್ತಿದ್ದ. ಮೆಟ್ಟಿಲ ಪಕ್ಕದ ಕೈಹಿಡಿ ಕಂಬಿಯ ಮೇಲೆ ಹಲಗೆಯನ್ನು ಜಾರಿಸಿಕೊಂಡು ಇಳಿಯುವ ವಿದ್ಯೆಯನ್ನು ಮೊದಲು ಮಾಡಿದವರೆಂದು ಗೊಂಜಾಲೆಸ್ ಮತ್ತು ಕೌಪಸ್ ಇಬ್ಬರನ್ನೂ ಹೆಸರಿಸುತ್ತಾರೆ. ಮುದುಕರು ಆತು ಇಳಿಯಲೆಂದು ಹಾಕಿದ ಕಂಬಿ ಹುಡುಗರಿಗೆ ಜಾರುಬಂಡೆಯಾಯಿತು.

ಹಾರುವ ಹಲಗೆಯ ಗುಟ್ಟು

ಕೈಯಿಂದ ಹಿಡಿಯದೆ ಹಲಗೆ ಕಾಲಿಗೆ ಅಂಟಿಕೊಂಡಂತೆ ಮೇಲೇಳುವುದು ಹೇಗೆ? ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು. ಕಾಲಿಗೆ ಪಟ್ಟಿ ಕಟ್ಟಿಲ್ಲ, ಅಂಟು ಹಚ್ಚಿಲ್ಲ. ಇದರ ಹೆಸರು 'ಆಲಿ'. ಫ್ಲೋರಿಡಾದ ಅಲನ್ ಗೆಲ್ಫಾಂಡ್ ಎಂಬ ಹುಡುಗ 1970ರ ದಶಕದ ಕೊನೆಯಲ್ಲಿ ಬಾವಿಯಂಥ ಇಳಿಜಾರಿನ ಅಂಚಿನಲ್ಲಿ ಇದನ್ನು ಮಾಡಿ ತೋರಿಸಿದ. ಅವನ ಅಡ್ಡಹೆಸರೇ ಈ ನೆಗೆತಕ್ಕೆ ಬಂತು. ಫ್ಲೋರಿಡಾದವನೇ ಆದ ರಾಡ್ನಿ ಮುಲೆನ್ 1980ರ ದಶಕದ ಆರಂಭದಲ್ಲಿ ಅದನ್ನು ಸಮತಟ್ಟಾದ ನೆಲದ ಮೇಲೆ ಸಾಧಿಸಿದ.

ಹಲಗೆಯ ಎರಡು ತುದಿಗಳೂ ಸ್ವಲ್ಪ ಮೇಲಕ್ಕೆ ಬಾಗಿರುತ್ತವೆ ಎಂಬುದನ್ನು ಗಮನಿಸಬೇಕು. ಆಟಗಾರ ಮಂಡಿ ಬಗ್ಗಿಸಿ ಮೇಲಕ್ಕೆ ನೆಗೆಯುವಾಗಲೇ ಹಿಂದಿನ ಕಾಲಿನಿಂದ ಹಲಗೆಯ ಬಾಲವನ್ನು ನೆಲಕ್ಕೆ ಬಡಿಯುತ್ತಾನೆ. ಹಿಂಗಾಲಿಯನ್ನು ಆನಿಕೆಯಾಗಿಸಿಕೊಂಡು ಹಲಗೆ ಸನ್ನೆಕೋಲಿನಂತೆ ತಿರುಗುತ್ತದೆ, ಮೂತಿ ಮೇಲೇಳುತ್ತದೆ. ಬಾಲ ನೆಲಕ್ಕೆ ಬಡಿದೊಡನೆ ನೆಲವೂ ಅಷ್ಟೇ ಬಲದಿಂದ ಅದನ್ನು ಮೇಲಕ್ಕೆ ತಳ್ಳುತ್ತದೆ. ಇದು ಕ್ರಿಯೆಗೆ ಪ್ರತಿಕ್ರಿಯೆ, ನ್ಯೂಟನ್ನನ ಮೂರನೆಯ ನಿಯಮ. ಹಲಗೆ ಪುಟಿಯುತ್ತದೆ. ಅದೇ ಕ್ಷಣದಲ್ಲಿ ಮುಂಗಾಲನ್ನು ಹಲಗೆಯ ಮೇಲೆ ಮುಂದಕ್ಕೆ ಉಜ್ಜಬೇಕು. ಹಲಗೆಯ ಮೇಲೆ ಉಪ್ಪುಕಾಗದದಂಥ ಒರಟು ಹಾಳೆ ಅಂಟಿಸಿರುತ್ತಾರೆ. ಅದರ ಘರ್ಷಣೆಯಿಂದ ಬೂಟು ಹಲಗೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಮೂತಿಯನ್ನು ಮುಂದಕ್ಕೆ ಒತ್ತಿದೊಡನೆ ಹಲಗೆ ಗಾಳಿಯಲ್ಲಿ ಮಟ್ಟವಾಗುತ್ತದೆ. ಆಮೇಲೆ ಆಟಗಾರನೂ ಹಲಗೆಯೂ ಒಂದೇ ವೇಗೋತ್ಕರ್ಷದಿಂದ ಕೆಳಗೆ ಬೀಳುತ್ತಾರೆ. ಭಾರವಾದದ್ದೂ ಹಗುರವಾದದ್ದೂ ಒಟ್ಟಿಗೇ ಬೀಳುತ್ತವೆ ಎಂಬ ಗೆಲಿಲಿಯೋನ ಮಾತು ಇಲ್ಲಿ ಕಾಲಡಿಯಲ್ಲೇ ರುಜುವಾತಾಗುತ್ತದೆ. ಅಂಟಿಕೊಂಡಂತೆ ಕಾಣುವ ಹಲಗೆಯ ಗುಟ್ಟು ಇಷ್ಟೇ.

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಆಟಗಾರ 45 ಸೆಂಟಿಮೀಟರ್ ಮೇಲಕ್ಕೆ ನೆಗೆದನೆನ್ನಿ. ಏರಲು ಸುಮಾರು 0.3 ಸೆಕೆಂಡು, ಅಷ್ಟೇ ಮಟ್ಟಕ್ಕೆ ಇಳಿಯಲು ಮತ್ತೆ 0.3 ಸೆಕೆಂಡು. ಒಟ್ಟು 0.6 ಸೆಕೆಂಡು ಅವನು ಗಾಳಿಯಲ್ಲಿರುತ್ತಾನೆ. ಮುಂದಕ್ಕೆ ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿಲೋಮೀಟರ್ ವೇಗವಿದ್ದರೆ ಅಷ್ಟರಲ್ಲಿ 3 ಮೀಟರ್ ದೂರ ದಾಟುತ್ತಾನೆ. ವೇಗ ಅರ್ಧವಾದರೆ ದೂರವೂ ಅರ್ಧ. ಹಾಗಾಗಿಯೇ ಕಂದರದ ಅಂಚಿಗೆ ಬಂದಾಗ ಹೆದರಿ ವೇಗ ತಗ್ಗಿಸುವವನಿಗೆ ಅಪಾಯ ಹೆಚ್ಚು. ಇದು ಮೇಲ್ನೋಟಕ್ಕೆ ವಿಚಿತ್ರ, ಆದರೆ ಲೆಕ್ಕ ಹಾಕಿದರೆ ಸರಿ. ಇಳಿಯುವಾಗ ಮಂಡಿ ಬಗ್ಗಿಸುವುದು ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿಯುವವನು ಕೈಯನ್ನು ಹಿಂದಕ್ಕೆ ಎಳೆದುಕೊಂಡಂತೆ. ನಿಲ್ಲುವ ಸಮಯ ಹೆಚ್ಚಿದಷ್ಟೂ ಮೈಗೆ ತಟ್ಟುವ ಬಲ ಕಡಿಮೆ.

ಗೊಂಜಾಲೆಸ್ ಇದನ್ನೆಲ್ಲ ಕಾಗದದ ಮೇಲೆ ಬರೆದು ಹಾರಿದವನಲ್ಲ. ನೀರಿಗಿಳಿಯದೆ ಈಜು ಬಾರದು ಎಂಬಂತೆ ಬಿದ್ದು, ಎದ್ದು, ಮತ್ತೆ ಬಿದ್ದು ಮೈಗೂಡಿಸಿಕೊಂಡ. ಆದರೆ ಅವನ ಮೈ ಕಲಿತದ್ದೂ ಪುಸ್ತಕದಲ್ಲಿರುವ ಅದೇ ನಿಯಮಗಳನ್ನು.

ಚೌಕ ಯಾರದು?

ಆ ನೆಗೆತದ ಮುಂದಿನ ವರ್ಷಗಳಲ್ಲಿ ಎಂಬಾರ್ಕಡೆರೊ ಚೌಕ ಬೀದಿ ಸ್ಕೇಟ್‌ಬೋರ್ಡಿಂಗಿನ ತವರಾಯಿತು. 1990ರ ದಶಕದ ಆರಂಭದಲ್ಲಿ ಬೇರೆ ಬೇರೆ ಬಡಾವಣೆಗಳ, ಬೇರೆ ಬೇರೆ ಬಣ್ಣದ, ಬಡ ಮತ್ತು ಅನುಕೂಲಸ್ಥ ಮನೆಗಳ ಹುಡುಗರು ಅಲ್ಲಿ ಸೇರುತ್ತಿದ್ದರು. ದುಡ್ಡು ಕೊಟ್ಟು ಸೇರುವ ಕ್ಲಬ್ಬು ಅಲ್ಲ, ತರಬೇತುದಾರ ಇಲ್ಲ. ಒಬ್ಬ ಕಲಿತದ್ದನ್ನು ಇನ್ನೊಬ್ಬ ನೋಡಿ ಕಲಿಯುವ ಬಯಲು ಶಾಲೆ. ಅಲ್ಲಿ ಮೂಡಿದ ಹೊಸ ವರಸೆಗಳು ವಿಡಿಯೊ ಕ್ಯಾಸೆಟ್ಟುಗಳ ಮೂಲಕ ಯುರೋಪು, ಜಪಾನುಗಳ ಹುಡುಗರನ್ನು ತಲುಪಿದವು.

ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. ಹಲಗೆಯ ಕಬ್ಬಿಣ ಉಜ್ಜಿ ಕಟ್ಟೆಗಳ ಅಂಚು ಮುರಿಯುತ್ತಿತ್ತು. ಗದ್ದಲ ಹೆಚ್ಚು. ಮಧ್ಯಾಹ್ನ ಬುತ್ತಿ ಬಿಚ್ಚಿ ಕುಳಿತ ಕಚೇರಿಯ ಜನರಿಗೆ, ವಯಸ್ಸಾದವರಿಗೆ ಮೈಮೇಲೆ ಬಂದು ಬಿದ್ದಾರೆಂಬ ಅಂಜಿಕೆ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎಂಬುದು ದೊಡ್ಡವರ ದೂರು. ಪೊಲೀಸರು ಬಂದು ಹಲಗೆ ಕಿತ್ತುಕೊಳ್ಳುವುದು, ದಂಡ ಹಾಕುವುದು ಮಾಮೂಲಾಯಿತು. ಜಗತ್ತಿನ ಹಲವು ನಗರಗಳಲ್ಲಿ ಕಟ್ಟೆಗಳ ಅಂಚಿಗೆ ಲೋಹದ ಗುಬ್ಬಿಗಳನ್ನು ಜಡಿಯುವ ಪದ್ಧತಿ ಬಂತು. ಹಲಗೆ ಜಾರದಂತೆ ಮಾಡುವ ಈ ಗುಬ್ಬಿಗಳನ್ನು ಇಂದು ಎಲ್ಲೆಡೆ ಕಾಣಬಹುದು.

ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಹಾಗಿದ್ದರೂ ಸಾರ್ವಜನಿಕ ಚೌಕ ಎಂದಾಗ ಆ 'ಸಾರ್ವಜನಿಕ'ರಲ್ಲಿ ಮಕ್ಕಳು ಸೇರಿದ್ದಾರೆಯೆ ಎಂಬ ಪ್ರಶ್ನೆ ಉಳಿಯುತ್ತದೆ. ಈ ಚೌಕಕ್ಕೆ ಮೊದಲು ಇದ್ದ ಹೆಸರೇ ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಎತ್ತುತ್ತದೆ. ನಗರದ ಮರು ನಿರ್ಮಾಣ ಸಂಸ್ಥೆಯ ಮುಖ್ಯಸ್ಥನಾಗಿದ್ದ ಜಸ್ಟಿನ್ ಹರ್ಮನ್‌ನ ಹೆಸರನ್ನು ಇದಕ್ಕೆ ಇಟ್ಟಿದ್ದರು. ಅವನ ಕಾಲದ ಯೋಜನೆಗಳಿಂದ ಕಪ್ಪು ಜನರ ಮತ್ತು ಜಪಾನಿ ಮೂಲದವರ ಸಾವಿರಾರು ಕುಟುಂಬಗಳು ಮನೆ ಮಠ ಕಳೆದುಕೊಂಡಿದ್ದವು. ಜನ ಅದನ್ನು ಮರೆಯಲಿಲ್ಲ. 2017ರಲ್ಲಿ ನಗರಾಡಳಿತ ಚೌಕದಿಂದ ಆ ಹೆಸರನ್ನು ತೆಗೆಯಿತು. ಹುಡುಗರು ಇಟ್ಟ 'ಗೊಂಜ್ ಗ್ಯಾಪ್' ಎಂಬ ಹೆಸರು ಯಾವ ಸರಕಾರಿ ಕಡತದಲ್ಲೂ ಇರದೆ, ತಲೆಮಾರಿನಿಂದ ತಲೆಮಾರಿಗೆ ಬಾಯಿಂದ ಬಾಯಿಗೆ ದಾಟಿತು.

ದೃಷ್ಟಿಯಿಂದ ಕುರುಡಿಗೆ

ಇತ್ತ ಗೊಂಜಾಲೆಸ್‌ನ ಬದುಕು ನೇರ ರಸ್ತೆಯಲ್ಲಿ ಸಾಗಲಿಲ್ಲ. 1989ರಲ್ಲಿ ಅವನು ವಿಷನ್ ಕಂಪನಿ ಬಿಟ್ಟು, ಸ್ಟೀವ್ ರೊಕ್ಕೊ ಎಂಬವನ ಜೊತೆಗೂಡಿ ತನ್ನದೇ ಕಂಪನಿ ಆರಂಭಿಸಿದ. ವಿಷನ್ ಎಂದರೆ ದೃಷ್ಟಿ. ಬಿಟ್ಟು ಬಂದ ಕಂಪನಿಯನ್ನು ಅಣಕಿಸಲು ಹೊಸದಕ್ಕೆ ಇಟ್ಟ ಹೆಸರು ಬ್ಲೈಂಡ್, ಅಂದರೆ ಕುರುಡು! 1991ರಲ್ಲಿ ಈ ಕಂಪನಿ 'ವಿಡಿಯೊ ಡೇಸ್' ಎಂಬ ಕಿರುಚಿತ್ರ ಹೊರತಂದಿತು. ಗೊಂಜಾಲೆಸ್‌ನ ಭಾಗಕ್ಕೆ ಹಿನ್ನೆಲೆಯಾಗಿ ಜಾನ್ ಕೋಲ್ಟ್ರೇನ್‌ನ ಜಾಜ್ ಸಂಗೀತ. ಅಬ್ಬರದ ರಾಕ್ ಸಂಗೀತಕ್ಕೆ ಒಗ್ಗಿದ್ದವರಿಗೆ ಇದು ಹೊಸ ರುಚಿ. ಚಿತ್ರ ತೆಗೆದವನು ಸ್ಪೈಕ್ ಜೋನ್ಸ್ ಎಂಬ ಯುವಕ. ಅವನೇ ಮುಂದೆ ಹಾಲಿವುಡ್ ನಿರ್ದೇಶಕನಾಗಿ, 'ಹರ್' ಚಿತ್ರದ ಚಿತ್ರಕಥೆಗೆ 2014ರಲ್ಲಿ ಆಸ್ಕರ್ ಪಡೆದ. ಅದರಲ್ಲಿ ಹಲಗೆ ಓಡಿಸಿದ್ದ ಜೇಸನ್ ಲೀ ನಟನಾಗಿ ಹೆಸರು ಮಾಡಿದ. ಬೀದಿಯಲ್ಲಿ ಕಾಲ ಕಳೆದ ಹುಡುಗರು ಹಾಳಾಗಿಯೇ ಹೋಗುತ್ತಾರೆ ಎಂಬ ಮಾತು ಇವರ ವಿಷಯದಲ್ಲಿ ನಿಜವಾಗಲಿಲ್ಲ.

ಹಾಗೆಂದು ಎಲ್ಲರ ಬಾಳೂ ಹೂವಿನ ಹಾಸಿಗೆಯಾಗಲಿಲ್ಲ. 1990ರ ದಶಕದ ಆರಂಭದಲ್ಲಿ ಸ್ಕೇಟ್‌ಬೋರ್ಡ್ ಮಾರುಕಟ್ಟೆ ಕುಸಿಯಿತು. ದೊಡ್ಡ ಇಳಿಜಾರುಗಳ ಆಟದಲ್ಲಿ ಲೋಕಪ್ರಸಿದ್ಧನಾಗಿದ್ದ ಟೋನಿ ಹಾಕ್‌ನ ಆದಾಯವೂ ಇಳಿದುಹೋಯಿತು. ಇಪ್ಪತ್ತರ ಹರೆಯದಲ್ಲೇ ವೃತ್ತಿ ಮುಗಿಸಿದವರು, ಗಾಯದಿಂದ ಹಿಂದೆ ಸರಿದವರು ಅನೇಕರು. ನೂರಾರು ಹುಡುಗರಲ್ಲಿ ಒಬ್ಬನ ಹೆಸರು ಹಲಗೆಯ ಮೇಲೆ ಬರುತ್ತದೆ. ಉಳಿದವರು ಬೇರೆ ಕಸುಬು ಹುಡುಕಿಕೊಳ್ಳಲೇಬೇಕು. ಮಕ್ಕಳ ಆಟದ ಹುಮ್ಮಸ್ಸಿಗೆ ನೀರೆರೆಯುವ ತಂದೆ ತಾಯಿಯರು ಈ ಮಾತನ್ನೂ ಮಕ್ಕಳಿಗೆ ಹೇಳಬೇಕಾಗುತ್ತದೆ.

ಗೊಂಜಾಲೆಸ್ ಬ್ಲೈಂಡನ್ನೂ ಬಿಟ್ಟ. ಹೊಸ ಕಂಪನಿಗಳನ್ನು ಕಟ್ಟಿದ, ಕೈಬಿಟ್ಟ. ಆದರೆ ಅವನ ಕೈಯಲ್ಲಿ ಇನ್ನೊಂದು ವಿದ್ಯೆ ಇತ್ತು. ಚಿಕ್ಕಂದಿನಿಂದಲೂ ಅವನು ಚಿತ್ರ ಬಿಡಿಸುತ್ತಿದ್ದ, ಪದ್ಯ ಬರೆಯುತ್ತಿದ್ದ, ಕೈಯಾರೆ ಸಣ್ಣ ಸಣ್ಣ ಪುಸ್ತಿಕೆ ಮಾಡಿ ಹಂಚುತ್ತಿದ್ದ. ತನ್ನ ಹಲಗೆಗಳ ಮೇಲಿನ ಚಿತ್ರಗಳನ್ನೂ ತಾನೇ ಬರೆದ. ಬೀದಿಯ ಕಟ್ಟೆ ನೋಡಿ ಹೊಸ ವರಸೆ ಕಾಣುತ್ತಿದ್ದ ಕಣ್ಣು ಖಾಲಿ ಕಾಗದ ನೋಡಿ ಮುಖಗಳನ್ನೂ ಹಕ್ಕಿಗಳನ್ನೂ ಕಂಡಿತು.

1998ರಲ್ಲಿ ಜರ್ಮನಿಯ ಮೊಂಕೆನ್‌ಗ್ಲಾಡ್‌ಬಾಕ್ ಪಟ್ಟಣದ ಅಬ್‌ಟೈಬೆರ್ಗ್ ಕಲಾ ಸಂಗ್ರಹಾಲಯದಲ್ಲಿ ಅಪರೂಪದ ಘಟನೆಯೊಂದು ನಡೆಯಿತು. ಸಂಗ್ರಹಾಲಯ ಎಂದರೆ ಮುಟ್ಟಬಾರದು, ಓಡಬಾರದು, ಮೆಲ್ಲಗೆ ಮಾತಾಡಬೇಕು. ಅಂಥ ಜಾಗದೊಳಗೆ ಕತ್ತಿವರಸೆಯವರು ಧರಿಸುವ ಬಿಳಿಯ ಉಡುಪು ತೊಟ್ಟು ಗೊಂಜಾಲೆಸ್ ಹಲಗೆ ಓಡಿಸಿದ. ಕಲಾಕೃತಿಗಳ ನಡುವೆ ಇಟ್ಟಿದ್ದ ಇಳಿಜಾರುಗಳನ್ನು ಏರಿ ಇಳಿದ. ಛಾಯಾಗ್ರಾಹಕಿ ಶೆರಿಲ್ ಡನ್ ಅದನ್ನು ಚಿತ್ರೀಕರಿಸಿದರು. ಚೌಕಗಳಲ್ಲಿ ಕಾವಲುಗಾರರು ಯಾವ ಆಟವನ್ನು ಅಟ್ಟಿಸಿಕೊಂಡು ಬರುತ್ತಿದ್ದರೋ ಅದೇ ಆಟವನ್ನು ಇಲ್ಲಿ ಬಾಗಿಲು ತೆರೆದು ಒಳಗೆ ಕರೆದಿದ್ದರು.

2002ರಲ್ಲಿ ಅವನು ಸ್ಯಾನ್ ಫ್ರಾನ್ಸಿಸ್ಕೊದ ಡಿಲಕ್ಸ್ ಸಂಸ್ಥೆಯ ಆಶ್ರಯದಲ್ಲಿ 'ಕ್ರೂಕೆಡ್' ಎಂಬ ಕಂಪನಿ ಆರಂಭಿಸಿದ. 2011ರಲ್ಲಿ 'ಟ್ರಾನ್ಸ್‌ವರ್ಲ್ಡ್' ಪತ್ರಿಕೆ ಈ ಆಟದ ಮೇಲೆ ಎಲ್ಲ ಕಾಲಕ್ಕೂ ಅತಿ ಹೆಚ್ಚು ಪ್ರಭಾವ ಬೀರಿದ ಆಟಗಾರ ಎಂದು ಅವನನ್ನೇ ಆರಿಸಿತು. ಅವನ ಹೆಸರು ಉಳಿದದ್ದು ಪದಕಗಳ ರಾಶಿಯಿಂದಲ್ಲ. ಯಾರೂ ಆಟವೆಂದು ತಿಳಿಯದ ಜಾಗದಲ್ಲಿ ಆಟವನ್ನು ಕಂಡದ್ದರಿಂದ.

ಅಜ್ಜ ಏರಿದ ಹಲಗೆ

ನಗರಗಳ ಮನಸ್ಸು ನಿಧಾನವಾಗಿ ಬದಲಾದ ಕಥೆಯೂ ಸ್ವಾರಸ್ಯಕರ. ಫಿಲಡೆಲ್ಫಿಯಾದ ಲವ್ ಪಾರ್ಕ್ ಎಂಬ ಚೌಕದಲ್ಲಿ ಸ್ಕೇಟ್‌ಬೋರ್ಡಿಗೆ ನಿಷೇಧ ಹೇರಿದಾಗ, ಆ ಚೌಕದ ಕಲ್ಪನೆಯ ಹಿಂದಿದ್ದ ನಗರ ಯೋಜಕ ಎಡ್ಮಂಡ್ ಬೇಕನ್ 2002ರಲ್ಲಿ ಪ್ರತಿಭಟಿಸಿದರು. ತಲೆಗೆ ಹೆಲ್ಮೆಟ್ ಹಾಕಿ, ಇಬ್ಬರ ಆಸರೆಯಲ್ಲಿ ಹಲಗೆಯ ಮೇಲೆ ನಿಂತು ಅದೇ ಚೌಕದಲ್ಲಿ ಉರುಳಿದರು. ಆಗ ಅವರ ವಯಸ್ಸು 92! ಲಂಡನ್ನಿನ ಸೌತ್‌ಬ್ಯಾಂಕ್‌ನಲ್ಲಿ ಸಭಾಂಗಣದ ತಳಭಾಗದ ಆಟದ ಜಾಗವನ್ನು ಅಂಗಡಿಗಳಾಗಿ ಮಾಡುವ ಯೋಜನೆ ಬಂದಾಗ ಯುವಕರು ಸಹಿ ಸಂಗ್ರಹಿಸಿ ಹೋರಾಡಿದರು, 2014ರಲ್ಲಿ ಅದನ್ನು ಉಳಿಸಿಕೊಂಡರು.

ಒಲಿಂಪಿಕ್ಸ್ ಕೂಡ ಈ ಆಟಕ್ಕೆ ಬಾಗಿಲು ತೆರೆಯಿತು. ಕೊರೊನಾ ಕಾರಣ 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ ಜಪಾನಿನ ಯೂಟೊ ಹೊರಿಗೊಮೆ ಬೀದಿ ವಿಭಾಗದ ಚಿನ್ನ ಗೆದ್ದ, 2024ರ ಪ್ಯಾರಿಸ್‌ನಲ್ಲೂ ಗೆದ್ದ. ಟೋಕಿಯೊದಲ್ಲಿ ಹುಡುಗಿಯರ ಚಿನ್ನ ಗೆದ್ದ ಮೊಮಿಜಿ ನಿಶಿಯಾಗೆ ಆಗ 13 ವರ್ಷ. ಅವರು ಆಡಿದ ಅಂಗಣದಲ್ಲಿ ಇದ್ದದ್ದೇನು? ಮೆಟ್ಟಿಲು, ಕಟ್ಟೆ, ಕೈಹಿಡಿ ಕಂಬಿ. ಬೀದಿಯಿಂದ ಓಡಿಸಿದ್ದನ್ನೇ ಕೋಟಿಗಟ್ಟಲೆ ಖರ್ಚು ಮಾಡಿ ಮತ್ತೆ ಕಟ್ಟಬೇಕಾಯಿತು.

ನಮ್ಮ ನಾಡಿಗೂ ಈ ಗಾಲಿ ಉರುಳಿ ಬಂದಿದೆ. ಬೆಂಗಳೂರಿನ 'ಹೋಲಿಸ್ಟೋಕ್ಡ್' ಎಂಬ ಯುವಕರ ಬಳಗ 2013ರಲ್ಲಿ ವಿದೇಶಗಳಿಂದ ಬಂದ ಸ್ಕೇಟರುಗಳ ಜೊತೆ ಕೈಜೋಡಿಸಿ ಸಿಮೆಂಟು ಕಲಸಿ ಆಟದ ಅಂಗಳವೊಂದನ್ನು ಕಟ್ಟಿತು. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಎಂಬ ಹಳ್ಳಿಯಲ್ಲಿ 2015ರಲ್ಲಿ ಇಂಥದೇ ಅಂಗಳ ಎದ್ದಿತು. ಅಲ್ಲಿ ಬೇರೆ ಬೇರೆ ಜಾತಿಯ ಮಕ್ಕಳು ಒಂದೇ ಹಲಗೆಗಾಗಿ ಸರದಿಯಲ್ಲಿ ನಿಂತರು.

ಎಂಬಾರ್ಕಡೆರೊ ಚೌಕದ ರೂಪ ಈ ನಡುವೆ ಬದಲಾಗುತ್ತಲೇ ಬಂದಿದೆ. ಕಾಂಕ್ರೀಟಿನ ಕಾರಂಜಿಯನ್ನು ತೆಗೆದುಹಾಕುವ ಪ್ರಸ್ತಾವ 2025ರಲ್ಲಿ ದೊಡ್ಡ ವಾದಕ್ಕೆ ಎಡೆಮಾಡಿತು. ಆದರೆ ಅದೇ ಮಾರ್ಕೆಟ್ ಸ್ಟ್ರೀಟಿನಲ್ಲಿ ಒಂದೂವರೆ ಮೈಲಿಯಷ್ಟು ಪಶ್ಚಿಮಕ್ಕೆ ನಡೆದರೆ ಯುಎನ್ ಪ್ಲಾಜಾ ಎಂಬ ಇನ್ನೊಂದು ಚೌಕ ಸಿಗುತ್ತದೆ. ಅದರ ವಿನ್ಯಾಸದಲ್ಲೂ ಹ್ಯಾಲ್‌ಪ್ರಿನ್‌ರ ಕೈ ಇತ್ತು. ಮಾದಕ ವಸ್ತುಗಳ ಮಾರಾಟಕ್ಕೆ ಕುಖ್ಯಾತವಾಗಿ ಜನ ಕಾಲಿಡಲು ಹೆದರುತ್ತಿದ್ದ ಆ ಜಾಗದಲ್ಲಿ 2023ರ ನವೆಂಬರಿನಲ್ಲಿ ನಗರಾಡಳಿತವೇ ಸ್ಕೇಟ್‌ಬೋರ್ಡಿಗೆಂದು ಕಟ್ಟೆಗಳನ್ನೂ ಕಂಬಿಗಳನ್ನೂ ಇಟ್ಟಿತು. ಆಡುವ ಮಕ್ಕಳಿದ್ದರೆ ಜಾಗಕ್ಕೆ ಜೀವ ಬರುತ್ತದೆ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಒಂದು ಕಾಲದಲ್ಲಿ ಹಲಗೆ ಕಿತ್ತುಕೊಂಡ ನಗರವೇ ಈಗ ಹಲಗೆ ಹಿಡಿದವರನ್ನು ಕರೆದು ತಂದಿತು.

ಮಕ್ಕಳು ಹಲಗೆ ಕೇಳಿದರೆ ಕೊಡಿಸಬೇಕೆ ಎಂಬುದು ಪ್ರತಿ ಮನೆಯ ತೀರ್ಮಾನ. ಕೊಡಿಸುವವರು ಹೆಲ್ಮೆಟ್ಟನ್ನೂ, ಮಣಿಕಟ್ಟು ಮತ್ತು ಮಂಡಿಯ ರಕ್ಷಾಪಟ್ಟಿಗಳನ್ನೂ ಜೊತೆಗೇ ಕೊಡಿಸಬೇಕು. ಬೀಳುವಾಗ ಕೈ ಊರುವುದು ಸಹಜ, ಆದ್ದರಿಂದ ಮುರಿತಕ್ಕೆ ಮೊದಲು ಸಿಗುವುದು ಮಣಿಕಟ್ಟು. ವಾಹನ ಓಡಾಡುವ ರಸ್ತೆಯಲ್ಲಿ ಈ ಆಟ ಕೂಡದು. ಆದರೆ ರಸ್ತೆ ಕೂಡದು, ಉದ್ಯಾನದಲ್ಲಿ ಓಡಬಾರದು, ಶಾಲೆಯ ಮೈದಾನಕ್ಕೆ ಬೀಗ ಎಂದರೆ ಮಕ್ಕಳಿಗೆ ಉಳಿಯುವುದು ಮನೆಯ ಸೋಫಾ ಒಂದೇ. ಆಡಬಾರದ ಜಾಗಗಳ ಪಟ್ಟಿಯನ್ನು ನಮ್ಮ ಊರುಗಳು ಬಲು ಬೇಗ ಬರೆಯುತ್ತವೆ. ಆಡಬಹುದಾದ ಒಂದು ಜಾಗವನ್ನು ತೋರಿಸುವ ಕೆಲಸ ಮಾತ್ರ ಇನ್ನೂ ಬಾಕಿ ಇದೆ.